ಸಂಘದ ಶಿಬಿರಕ್ಕೆ ಅಳತೆ ಟೇಪೂ ಬರಲಿ

ಕೊಚ್ಚಿಯ ಕನ್ನಡಿಗರು ಒಂದೆಡೆ ಸೇರಿದಾಗ ಇತ್ತೀಚೆಗೆ ಕುಶಲ ಪ್ರಶ್ನೆಯ ಮೊದಲ ಮಾತೇ "ಏನು ಸ್ವಾಮಿ, ಸ್ವಲ್ಪ ದಪ್ಪ ಆಗಿದ್ದೀರಲ್ಲ?" ಎಂಬುದು. "ವಯಸ್ಸಾಯಿತಲ್ಲ" ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಕಳೆದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಾನೂ ಅದನ್ನೇ ಹೇಳಿದೆ. ಪಕ್ಕದಲ್ಲಿದ್ದ ಹಿರಿಯರು, "ನಿಮ್ಮ ಬ್ಯಾಂಕಿನ ಬಡ್ಡಿ ಸೇರಿದ ಹಾಗೆ" ಎಂದು ನಕ್ಕರು. ನಾನೂ ನಕ್ಕೆ. ಮರುವಾರ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ ನಗು ಬರಲಿಲ್ಲ.

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಗ ಹಗಲೆಲ್ಲ ಅಂಗಡಿ ಕೆಲಸ, ಸಂಜೆ ಕಾಲ್ನಡಿಗೆ. ಆಗ ನನ್ನ ತೂಕ 52 ಕಿಲೋ, ಈಗ 76. ಎತ್ತರ ಮಾತ್ರ ಅದೇ 165 ಸೆಂಟಿಮೀಟರ್. ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ತೂಕವನ್ನು ಭಾಗಿಸಿದರೆ ವೈದ್ಯರು ಹೇಳುವ ಬಿ.ಎಂ.ಐ. ಸಿಗುತ್ತದೆ. ಅಂದು ನನ್ನದು 19, ಇಂದು ಹತ್ತಿರ ಹತ್ತಿರ 28. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25ರಿಂದ ಅಧಿಕ ತೂಕ, 30ರಿಂದ ಬೊಜ್ಜು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಮಧುಮೇಹ ಅಂಟಿಕೊಳ್ಳುವುದರಿಂದ ನಮ್ಮ ತಜ್ಞರು 2009ರಲ್ಲಿ ಈ ಗೆರೆಗಳನ್ನು 23 ಮತ್ತು 25ಕ್ಕೆ ಇಳಿಸಿದರು. ಆ ಲೆಕ್ಕದಲ್ಲಿ ನಾನು ಬರೀ ದಪ್ಪಗಿನವನಲ್ಲ, ಬೊಜ್ಜಿನ ಖಾತೆಗೇ ಸೇರಿದವನು.

ಒಂಟಿ ಖಾತೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದಲ್ಲಿ ಬಿ.ಎಂ.ಐ. 25 ಮುಟ್ಟಿದವರು ಮಹಿಳೆಯರಲ್ಲಿ ನೂರಕ್ಕೆ 38, ಪುರುಷರಲ್ಲಿ 36. ಇಡೀ ದೇಶದಲ್ಲಿ 24 ಮತ್ತು 23. ನಮ್ಮ ಕರ್ನಾಟಕದಲ್ಲಿ 30 ಮತ್ತು 31. ಬೀಗಲು ಅಲ್ಲೂ ಏನಿಲ್ಲ. ವಯಸ್ಸಿನ ಪ್ರಕಾರ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ದೇಶದಲ್ಲಿ 15ರಿಂದ 19ರ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು ಐವರು ಮಾತ್ರ ದಪ್ಪ. ನಲವತ್ತು ದಾಟಿದವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಈ ಸಮೀಕ್ಷೆ ಮಹಿಳೆಯರನ್ನು 49ಕ್ಕೆ, ಪುರುಷರನ್ನು 54ಕ್ಕೆ ನಿಲ್ಲಿಸುತ್ತದೆ. ನಮ್ಮ ಸಂಘದ ಪದಾಧಿಕಾರಿಗಳಲ್ಲಿ ಬಹುತೇಕರು ಈ ಲೆಕ್ಕದಿಂದ ಹೊರಗೆ!

ಆದರೆ ತೂಕ ಏರಲು ಶುರುವಾಗುವುದು ಐವತ್ತರಲ್ಲಿ ಅಲ್ಲ. ನಾನು ತಿರುವನಂತಪುರದ ಶಾಖೆಯಲ್ಲಿದ್ದಾಗ ಬೆಳಿಗ್ಗೆ ಮ್ಯೂಸಿಯಂ ಆವರಣದಲ್ಲಿ ನಡೆಯುತ್ತಿದ್ದೆ. ಅಲ್ಲಿ ಕಾಣುತ್ತಿದ್ದವರು ಹೆಚ್ಚಾಗಿ ನಿವೃತ್ತರು. ಮೂವತ್ತು, ಮೂವತ್ತೈದರವರು ಆ ಹೊತ್ತಿಗೆ ಟೆಕ್ನೋಪಾರ್ಕ್‌ನ ದಾರಿ ಹಿಡಿದಿರುತ್ತಿದ್ದರು, ಇಲ್ಲವೇ ರಾತ್ರಿಪಾಳಿ ಮುಗಿಸಿ ಮಲಗಿರುತ್ತಿದ್ದರು. ತೂಕ ಸೇರುವುದು ಅದೇ ವಯಸ್ಸಿನಲ್ಲಿ. ಐವತ್ತರ ನಂತರ ಕಾಟಾ ಸುಮ್ಮನಿದ್ದರೂ ಒಳಗೆ ಸ್ನಾಯು ಕರಗಿ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಮುಟ್ಟು ನಿಂತ ಮೇಲೆ ಮಹಿಳೆಯರಿಗೂ ಹಾಗೆಯೇ. ಆದ್ದರಿಂದಲೇ ವೈದ್ಯರು ತೂಕದ ಜತೆ ಸೊಂಟವನ್ನೂ ಅಳೆಯಿರಿ ಎನ್ನುವುದು: ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ಮಿತಿ.

ಕೇರಳ ಸರಕಾರ 2016ರ ಬಜೆಟ್‌ನಲ್ಲಿ ಬ್ರಾಂಡೆಡ್ ರೆಸ್ಟೋರೆಂಟುಗಳ ಬರ್ಗರ್, ಪಿಜ್ಜಾಗಳಿಗೆ 14.5 ಶೇಕಡ 'ಕೊಬ್ಬಿನ ತೆರಿಗೆ' ಹಾಕಿತ್ತು. ಮರುವರ್ಷ ಜಿ.ಎಸ್.ಟಿ. ಬಂದು ಅದು ಹೋಯಿತು. ಬೀದಿಯ ಪೊರೋಟ, ಪಳಂಪೊರಿಗಳಿಗೆ ಆ ತೆರಿಗೆ ಇರಲೇ ಇಲ್ಲ. ನಮ್ಮ ಹೋಳಿಗೆಯನ್ನೂ ಯಾರೂ ಕೇಳಲಿಲ್ಲ. ಹೋಳಿಗೆಯ ಮೇಲೆ ನನಗೆ ಕೋಪವಿಲ್ಲ. ಅದು ವರ್ಷಕ್ಕೆ ನಾಲ್ಕು ದಿನ. ಉಳಿದ ದಿನ ಎಂಟು ಗಂಟೆ ಕುರ್ಚಿ, ನಾಲ್ಕು ಗಂಟೆಗೊಮ್ಮೆ ಚಹಾ, ಜತೆಗೆ ಬಾಳೆಕಾಯಿ ಚಿಪ್ಸು.

ಮನೆಯಲ್ಲೇ ಇರುವ ನಮ್ಮ ಮಹಿಳೆಯರದು ಬೇರೆ ಕಥೆ. ಊರಿನಲ್ಲಿ ತೋಟ, ಹಟ್ಟಿ, ಬಾವಿ ಇದ್ದವು. ಇಲ್ಲಿ ಫ್ಲ್ಯಾಟ್, ಲಿಫ್ಟ್. ಭಾಷೆ ಪೂರ್ತಿ ಬಾರದೆ ಸಂಜೆ ಒಬ್ಬರೇ ಹೊರಗೆ ನಡೆಯಲು ಹಿಂಜರಿಯುವವರಿದ್ದಾರೆ. ನನ್ನ ಪತ್ನಿ ಹತ್ತು ವರ್ಷ ಹಾಗೆಯೇ ಕಳೆದಳು. ಅದು ನನ್ನ ಗಮನಕ್ಕೆ ಬರಲೇ ಇಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಸಂಘದ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ. ಅಷ್ಟರಲ್ಲಿ ಕಾಯಿಲೆ ಮನೆಗೆ ಬಂದಾಗಿರುತ್ತದೆ. ಒಂದು ಕಾಟಾ, ಒಂದು ಅಳತೆ ಟೇಪು ಇಟ್ಟು ಇಪ್ಪತ್ತೈದರವರನ್ನೂ ಕರೆಯಬೇಕು. ಮಹಿಳಾ ವಿಭಾಗದವರು ವಾರಕ್ಕೆರಡು ಸಂಜೆ ಮರೈನ್ ಡ್ರೈವ್‌ನಲ್ಲಿ ಜತೆಯಾಗಿ ನಡೆಯುವ ಏರ್ಪಾಡು ಮಾಡಿದರೆ ಖರ್ಚೂ ಇಲ್ಲ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಬೇಕೆಂದು ಕಾರ್ಯದರ್ಶಿಯವರಲ್ಲಿ ವಿನಂತಿ. ಮೊದಲ ಅಳತೆ ನನ್ನದೇ ಬರೆದುಕೊಳ್ಳಲಿ: ಸೊಂಟ 98.