ಕೈ ಮೇಲೆ ಕಾಣುವುದು ನರವಲ್ಲ

‘ಕೈ ಮೇಲೆ ನರ ಎದ್ದು ಕಾಣ್ತಿವೆ ಡಾಕ್ಟ್ರೇ, ವೀಕ್‌ನೆಸ್ಸಾ? ಒಂದು ಟಾನಿಕ್ ಬರೆದುಕೊಡಿ’ ಎನ್ನುವವರು ತಿಂಗಳಿಗೆ ನಾಲ್ಕೈದು ಮಂದಿಯಾದರೂ ಬರುತ್ತಾರೆ. ಅದು ನರವೇ ಅಲ್ಲ. ಮಿದುಳಿನ ಸಂದೇಶ ಒಯ್ಯುವ ನರಗಳು ಸಾಮಾನ್ಯವಾಗಿ ಹೊರಗೆ ಕಾಣುವುದಿಲ್ಲ. ಚರ್ಮದಡಿ ನೀಲಿಯಾಗಿ ಕಾಣುವುದು ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ಆಡುಮಾತಿನಲ್ಲಿ ಎರಡಕ್ಕೂ ‘ನರ’ ಎನ್ನುವುದರಿಂದ ಟಾನಿಕ್ ಮಾರುವವರಿಗೆ ಅನುಕೂಲವಾಗಿದೆ, ಅಷ್ಟೆ.

ಒಳಗಿನ ರಕ್ತವೂ ನೀಲಿಯಲ್ಲ. ಪರೀಕ್ಷೆಗೆಂದು ಸಿರಿಂಜಿನಲ್ಲಿ ಎಳೆದಾಗ ನೀವೇ ನೋಡಿರುತ್ತೀರಿ, ಕಡುಗೆಂಪು. ಬೆಳಕಿನ ಕೆಂಪು ಕಿರಣಗಳು ಚರ್ಮದ ಆಳಕ್ಕಿಳಿದು ಆ ರಕ್ತದಲ್ಲಿ ಹೀರಿಹೋಗುತ್ತವೆ. ನೀಲಿ ಕಿರಣಗಳು ಅಷ್ಟು ಆಳಕ್ಕೆ ಹೋಗದೆ ಚದುರಿ ಹಿಂದಿರುಗುತ್ತವೆ. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಕೆಂಪು ಕಡಿಮೆಯಾಗಿ ಕಣ್ಣಿಗೆ ನೀಲಿ ಎನಿಸುತ್ತದೆ. ತೆಳ್ಳಗಿನವರಲ್ಲಿ, ವಯಸ್ಸಾದವರಲ್ಲಿ, ಬಿಸಿಲಿನಲ್ಲಿ, ಭಾರ ಎತ್ತಿದಾಗ ಇನ್ನೂ ಸ್ಪಷ್ಟ. ಇದು ರೋಗವಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಕೈ ಇಳಿಬಿಟ್ಟು, ಮುಂಗೈಯ ನಾಳವೊಂದನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ಸವರಿ ಬಿಡಿ. ನಡುವಿನ ಭಾಗ ಖಾಲಿಯಾಗಿಯೇ ಉಳಿಯುತ್ತದೆ, ರಕ್ತ ಕೆಳಗಿಳಿಯುವುದಿಲ್ಲ. ಮೊದಲ ಬೆರಳು ತೆಗೆದೊಡನೆ ತುಂಬಿಕೊಳ್ಳುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳ ಕೆಲಸ ಇದು. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ಇದನ್ನೇ ಚಿತ್ರಸಹಿತ ತೋರಿಸಿ, ರಕ್ತ ಪರಿಚಲಿಸುತ್ತದೆಂದು ವಾದಿಸಿದ.

ಗಮನಿಸಬೇಕಾದದ್ದು ಕೈಯನ್ನಲ್ಲ, ಕಾಲನ್ನು. ಅಲ್ಲಿ ಕವಾಟ ಸಡಿಲಾದರೆ ರಕ್ತ ಕೆಳಗೇ ನಿಂತು ನಾಳಗಳು ಹಾವಿನಂತೆ ಸುರುಳಿಗೊಳ್ಳುತ್ತವೆ. ಇದೇ ವೆರಿಕೋಸ್ ವೇನ್ಸ್. ದಿನವಿಡೀ ನಿಂತೇ ದುಡಿಯುವ ಮೇಷ್ಟ್ರು, ಕಂಡಕ್ಟರ್, ಹೋಟೆಲ್ ಸಪ್ಲೈಯರ್‌ಗಳಿಗೆ ಇದರ ಕಾಟ ಹೆಚ್ಚು. ಹೆರಿಗೆಯಾದ ಹೆಂಗಸರಿಗೂ ಅಷ್ಟೆ. ಸಂಜೆಗೆ ಕಾಲು ಭಾರ, ಹರಡಿನ ಬಳಿ ಊತ, ತುರಿಕೆ. ಚರ್ಮ ಕಪ್ಪಾಗತೊಡಗಿದರೆ ತಡಮಾಡಬೇಡಿ, ಮುಂದೆ ಮಾಯದ ಹುಣ್ಣಾದೀತು. ಅಂಥ ನಾಳ ಒಡೆದು ರಕ್ತ ಸುರಿದರೆ ಗಾಬರಿಯಿಂದ ಹಗ್ಗ ಬಿಗಿಯುವುದು ತಪ್ಪು. ಮಲಗಿಸಿ, ಕಾಲನ್ನು ಎತ್ತರಿಸಿ, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಆಸ್ಪತ್ರೆಗೆ ಒಯ್ಯಿರಿ.

ಕುಳಿತಾಗಲೂ ಕತ್ತಿನ ನಾಳ ಉಬ್ಬಿ ಏದುಸಿರು ಬಂದರೆ ಹೃದಯವನ್ನೂ, ಹೊಟ್ಟೆ ಊದಿ ಅದರ ಮೇಲೆ ನಾಳಗಳು ಎದ್ದರೆ ಯಕೃತ್ತನ್ನೂ ಪರೀಕ್ಷಿಸಬೇಕು. ಇನ್ನು, ಒಂದೇ ಕಾಲು ಹಠಾತ್ತನೆ ಊದಿ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ನೀವಬೇಡಿ. ಅಂದೇ ವೈದ್ಯರಿಗೆ ತೋರಿಸಿ.