ಕೈಯಿಂದ ಮಾಡಿದ್ದು ಅಂತೀರಿ, ಯಾರ ಕೈ?

ಡಿಸೆಂಬರ್ ಬಂತೆಂದರೆ ಆನ್‌ಲೈನ್ ಅಂಗಡಿಗಳಲ್ಲಿ 'ಹ್ಯಾಂಡ್‌ಮೇಡ್' ಪಟ್ಟಿ ಹೊತ್ತ ಕ್ರಿಸ್‌ಮಸ್ ಕಾರ್ಡುಗಳು ಸಾಲುಗಟ್ಟುತ್ತವೆ. ಅಚ್ಚಿನ ಕಾರ್ಡಿಗಿಂತ ಅವುಗಳ ಬೆಲೆ ಹೆಚ್ಚು. ಆ ಹೆಚ್ಚಿನ ದುಡ್ಡನ್ನು ನಾವು ಕೊಡುವುದು ಕಾಗದಕ್ಕಲ್ಲ, ಆ ಒಂದು ಪದಕ್ಕೆ. ಆದರೆ ಅವುಗಳಲ್ಲಿ ಎಷ್ಟೋ ಕಾರ್ಡುಗಳ ನಕ್ಷತ್ರ, ಗಂಟೆ, ದೇವದೂತರನ್ನು ಕತ್ತರಿಸಿದ್ದು ಕೈಯಲ್ಲ, ಕಂಪ್ಯೂಟರಿನ ಆಜ್ಞೆಯಂತೆ ಓಡುವ ಒಂದು ಸಣ್ಣ ಬ್ಲೇಡು.

ಇದನ್ನು ನಾವೇಕೆ ಎತ್ತುತ್ತಿದ್ದೇವೆ? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಕ್ರಿಸ್‌ಮಸ್ ಆಚರಿಸುವ ಮನೆಗಳು ಬಹಳ ಇವೆ. ಹೊಲಿಗೆ, ಕಸೂತಿ ಗೊತ್ತಿರುವ ಹೆಣ್ಣುಮಕ್ಕಳಿದ್ದಾರೆ, ಸ್ವಸಹಾಯ ಸಂಘಗಳಿವೆ, ಕಾಳಿ ನದಿ ನೋಡಲು ಬರುವ ಪ್ರವಾಸಿಗರಿದ್ದಾರೆ. ಇಂಥ ಕಡೆ 'ಮನೆಯಲ್ಲೇ ಕೂತು ಕಾರ್ಡ್ ಮಾಡಿ, ದುಡ್ಡು ಗಳಿಸಿ' ಎಂಬ ಮಾತು ಬರಲು ತಡವಾಗುವುದಿಲ್ಲ. ಅದು ಬರುವ ಮೊದಲೇ ನಮ್ಮ ನಿಲುವನ್ನು ಹೇಳಿಬಿಡುತ್ತೇವೆ.

ಮಷಿನ್ ಬರಲಿ, ನಮ್ಮದೇನೂ ತಕರಾರಿಲ್ಲ. ಆದರೆ ಚಿತ್ರ ಬರೆದವರು ಯಾರು, ಮಷಿನ್ ಮಾಡಿದ್ದೇನು, ಕೈ ಮಾಡಿದ್ದೇನು ಎಂಬುದನ್ನು ಕಾರ್ಡಿನ ಹಿಂದೆ ಬರೆಯಬೇಕು. ಅಷ್ಟು ಬರೆಯಲು ಮನಸ್ಸಿಲ್ಲದವರು 'ಕೈಯಿಂದ ಮಾಡಿದ್ದು' ಎಂಬ ಮಾತನ್ನು ಮಾರಬಾರದು.

ಬ್ಲೇಡಿನ ಕೆಲಸ ಎಷ್ಟು, ಬೆರಳಿನ ಕೆಲಸ ಎಷ್ಟು

ಈ ಮಷಿನ್ ಕಾಣದವರಿಗಾಗಿ ನಾಲ್ಕು ಮಾತು. ನೋಡಲು ಮನೆಯ ಪ್ರಿಂಟರಿನ ಹಾಗೇ ಇರುತ್ತದೆ. ಶಾಯಿಯ ಜಾಗದಲ್ಲಿ ಬ್ಲೇಡು. ಕ್ರಿಕಟ್, ಸಿಲೂಯೆಟ್, ಬ್ರದರ್ ಕಂಪನಿಗಳ ಮಷಿನ್‌ಗಳು ಹೆಸರುವಾಸಿ. ಅಂಟಂಟಾದ ಒಂದು ಚಾಪೆಯ ಮೇಲೆ ದಪ್ಪ ಕಾಗದ ಒತ್ತಿ ಒಳಗೆ ಬಿಟ್ಟರೆ, ಕಂಪ್ಯೂಟರಿನಲ್ಲಿರುವ ಗೆರೆಯ ಮೇಲೆ ಬ್ಲೇಡು ನಡೆಯುತ್ತದೆ. ಕತ್ತರಿ ಹಿಡಿದು ಅರ್ಧ ದಿನ ಕೂತರೂ ಬಾರದಷ್ಟು ಸಣ್ಣ ಜಾಲರಿಯನ್ನು ಕೆಲವೇ ನಿಮಿಷದಲ್ಲಿ ಕತ್ತರಿಸಿಕೊಡುತ್ತದೆ.

ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುವುದೂ ಇಲ್ಲ. ಮೊದಲು ಚಿತ್ರ ಬೇಕು. ಚಿತ್ರದ ಒಳಗಿನ ತುಂಡುಗಳು ಉದುರಿಹೋಗದಂತೆ ಒಂದಕ್ಕೊಂದು ಸೇತುವೆಯಂತಹ ಸಣ್ಣ ಪಟ್ಟಿ ಬಿಡಬೇಕು. ಕಾಗದ ದಪ್ಪವಾದರೆ ಒತ್ತಡ ಹೆಚ್ಚಿಸಬೇಕು, ಇಲ್ಲದಿದ್ದರೆ ಅರ್ಧ ಮಾತ್ರ ಸೀಳುತ್ತದೆ. ಒತ್ತಡ ಅತಿಯಾದರೆ ಚಾಪೆಯೇ ಹಾಳು. ಅದಕ್ಕೇ ಮೊದಲು ಮೂಲೆಯಲ್ಲಿ ಒಂದು ಸಣ್ಣ ಚೌಕ ಕತ್ತರಿಸಿ ಪರೀಕ್ಷೆ ಮಾಡುವುದು. ಕತ್ತರಿಸಿದ ಮೇಲೆ ಕಾಗದವನ್ನು ಎಳೆಯುವಂತಿಲ್ಲ, ಸುರುಳಿ ಬೀಳುತ್ತದೆ. ಚಾಪೆಯನ್ನು ಬಾಗಿಸಿ ಕಾಗದ ಬಿಡಿಸಬೇಕು. ಬೇಡದ ಚೂರುಗಳನ್ನು ಸೂಜಿಯಿಂದ ಒಂದೊಂದಾಗಿ ಎತ್ತಬೇಕು. ಆಮೇಲೆ ಮಡಿಸುವುದು, ಪದರ ಜೋಡಿಸುವುದು, ಅಂಟಿಸುವುದು, ದಾರ ಪೋಣಿಸುವುದು, ಒಳಗೆ ಬರೆಯುವುದು.

ಅಂದರೆ ಬ್ಲೇಡು ನಡುವಿನ ಒಂದು ಕೆಲಸ ಮಾಡಿತು. ಅದರ ಹಿಂದೆ ಒಬ್ಬರ ತಲೆ ಇದೆ, ಮುಂದೆ ಒಬ್ಬರ ಬೆರಳುಗಳಿವೆ. ಇವೆರಡನ್ನೂ ಮರೆಮಾಡಿ ಬರೀ 'ಹ್ಯಾಂಡ್‌ಮೇಡ್' ಎಂದು ಬರೆದರೆ ಕೊಳ್ಳುವವರಿಗೆ ಸುಳ್ಳು ಹೇಳಿದಂತೆ. ಬರೀ 'ಮಷಿನ್ ಮಾಡಿದ್ದು' ಎಂದು ತಳ್ಳಿಹಾಕಿದರೆ ದುಡಿದವರಿಗೆ ಅನ್ಯಾಯ ಮಾಡಿದಂತೆ.

ಮಡಿವಂತರಿಗೆ ಒಂದು ಮಾತು

'ಬ್ಲೇಡು ಮುಟ್ಟಿದ ಮೇಲೆ ಅದು ಕೈಕೆಲಸವೇ ಅಲ್ಲ' ಎನ್ನುವವರಿದ್ದಾರೆ. ಅವರು ಕ್ರಿಸ್‌ಮಸ್ ಕಾರ್ಡಿನ ಚರಿತ್ರೆಯನ್ನೇ ಸ್ವಲ್ಪ ನೋಡಲಿ. ಮಾರಾಟಕ್ಕೆಂದು ಮಾಡಿದ ಮೊದಲ ಕ್ರಿಸ್‌ಮಸ್ ಕಾರ್ಡು ಬಂದದ್ದು 1843ರಲ್ಲಿ, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಎಂಬಾತ ಜಾನ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಚಿತ್ರ ಬರೆಸಿದ. ಸುಮಾರು 1000 ಪ್ರತಿ ಕಲ್ಲಚ್ಚಿನಲ್ಲಿ ಮುದ್ರಿಸಿ, ಮೇಲೆ ಕೈಯಿಂದ ಬಣ್ಣ ತುಂಬಿಸಿ, ಒಂದು ಶಿಲಿಂಗಿಗೆ ಒಂದರಂತೆ ಮಾರಿದರು. ಅಂದರೆ ಮೊದಲನೆಯ ಕಾರ್ಡೇ ಯಂತ್ರ ಮತ್ತು ಕೈ ಎರಡೂ ಸೇರಿ ಆದದ್ದು.

ಅಷ್ಟು ದೂರ ಹೋಗುವುದೇ ಬೇಡ. ಮುಂಡಗೋಡದ ಟಿಬೆಟಿಯನ್ ಕ್ಯಾಂಪುಗಳಲ್ಲಿ ಗಾಳಿಗೆ ಹಾರುವ ಪ್ರಾರ್ಥನಾ ಪತಾಕೆಗಳನ್ನು ನೋಡಿದ್ದೀರಿ. ಮರದ ಅಚ್ಚು ಕೆತ್ತಿ, ಅದನ್ನು ಬಟ್ಟೆಯ ಮೇಲೆ ಮತ್ತೆ ಮತ್ತೆ ಒತ್ತಿ ಪತಾಕೆ ಮಾಡುವುದು ಅವರ ಹಳೆಯ ಪದ್ಧತಿ. ನೂರು ಪತಾಕೆಗೆ ಒಂದೇ ಚಿತ್ರ. ಅದನ್ನು ಮೋಸ ಎಂದು ಯಾರಾದರೂ ಕರೆದದ್ದುಂಟೇ? ಅಚ್ಚು ಕೆತ್ತಿದ ಕೈ ಯಾವುದೆಂದು ಅಲ್ಲಿ ಗೊತ್ತಿರುತ್ತಿತ್ತು, ಅಷ್ಟೇ. ಒಂದೇ ಚಿತ್ರ ಮತ್ತೆ ಮತ್ತೆ ಬರುವುದು ತಪ್ಪಲ್ಲ. ಕೆತ್ತಿದವರನ್ನು ಅಳಿಸಿಹಾಕುವುದು ತಪ್ಪು.

ಕೈನೋವು ಇರುವವರು, ಕಣ್ಣು ಮಂಜಾದವರು, ಒಂದೇ ಕೈಯಲ್ಲಿ ಕೆಲಸ ಮಾಡುವವರು ಈ ಮಷಿನ್ ಇದ್ದರೆ ಸುಂದರವಾದ ಕಾರ್ಡು ಮಾಡಬಲ್ಲರು. ಅವರ ಎದುರು ನಿಂತು 'ಕತ್ತರಿಯಿಂದಲೇ ಕತ್ತರಿಸು' ಎನ್ನುವ ಶುದ್ಧಾಚಾರ ನಮಗೆ ಬೇಡ.

ದಾಂಡೇಲಿಗೆ ಈ ಜಗಳ ಹೊಸದಲ್ಲ

ಕಾಗದ, ಕೈ, ಮಷಿನ್ ಈ ಮೂರರ ಜಗಳವನ್ನು ನಮ್ಮ ಸೀಮೆ ಒಮ್ಮೆ ಕಂಡಿದೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ 1955ರಲ್ಲಿ ಸ್ಥಾಪನೆಯಾಯಿತು. ದಾಂಡೇಲಿಯ ಆ ಕಾರ್ಖಾನೆಗೆ ಬೇಕಾದ ಬಿದಿರನ್ನು ಸರ್ಕಾರ ಇಲ್ಲಿನ ಕಾಡಿನಿಂದ ನಾಮಮಾತ್ರದ ದರಕ್ಕೆ ಕೊಟ್ಟಿತು. ಅದೇ ಬಿದಿರನ್ನು ಸೀಳಿ ಬುಟ್ಟಿ, ಮೊರ ಹೆಣೆಯುವ ಮೇದಾರರು ಮಾರುಕಟ್ಟೆಯಲ್ಲಿ ಅದರ ಎಷ್ಟೋ ಪಟ್ಟು ಹೆಚ್ಚು ತೆರಬೇಕಿತ್ತು. ಬಿದಿರು ಸಿಗುತ್ತಿಲ್ಲ ಎಂದು ಮೇದಾರರು ದೂರಿದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಕರ್ನಾಟಕದ ಬಿದಿರಿನ ಅಧ್ಯಯನಕ್ಕೆ ಇಳಿದದ್ದರ ಹಿಂದೆ ಈ ದೂರೂ ಇತ್ತು.

ಆ ಕಥೆಯಲ್ಲಿ ಬುಟ್ಟಿ ಹೆಣೆಯುವ ಕೈಯನ್ನು ಸೋಲಿಸಿದ್ದು ಕಾಗದದ ಮಷಿನ್ ಅಲ್ಲ. ಒಬ್ಬರಿಗೆ ಒಂದು ದರ, ಇನ್ನೊಬ್ಬರಿಗೆ ಇನ್ನೊಂದು ದರ ಎಂಬ ಷರತ್ತು. ಅದಕ್ಕೇ ಹೊಸ ಮಷಿನ್ ಬಂದಾಗಲೆಲ್ಲ ನಾವು ಮೊದಲು ಕೇಳುವುದು, ಷರತ್ತು ಬರೆದವರು ಯಾರು ಎಂದು.

ಒಂದು ಪದಕ್ಕೆ ಎಷ್ಟು ಬೆಲೆ

'ಒಂದು ಪದದಲ್ಲಿ ಏನಿದೆ' ಎನ್ನುವವರು ಹಳಿಯಾಳದಿಂದ ಧಾರವಾಡದ ಬಸ್ಸು ಹತ್ತಿ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಬರಲಿ. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ. ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದ್ದೇ ಆಗಿರಬೇಕು ಎಂದು ಧ್ವಜ ಸಂಹಿತೆ ಹೇಳುತ್ತಿತ್ತು. 2021ರ ಡಿಸೆಂಬರ್ 30ರಂದು ಆ ಸಂಹಿತೆಗೆ ತಿದ್ದುಪಡಿ ಬಂತು. ಮಷಿನ್‌ನಲ್ಲಿ ಮಾಡಿದ್ದೂ ಆಗಬಹುದು, ಪಾಲಿಯೆಸ್ಟರೂ ಆಗಬಹುದು ಎಂದಾಯಿತು. ಮರುವರ್ಷ ಮನೆಮನೆಯಲ್ಲಿ ಬಾವುಟ ಹಾರಿತು, ಬೀದಿ ತುಂಬ ಪಾಲಿಯೆಸ್ಟರ್ ಬಾವುಟವೇ. ಬೆಂಗೇರಿಯವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು.

ನಿಯಮದಲ್ಲಿ ಸೇರಿದ್ದು ಕೆಲವೇ ಪದ. ಅದರಿಂದ ಪೆಟ್ಟು ಬಿದ್ದದ್ದು ನೂಲುವವರ, ನೇಯುವವರ, ಹೊಲಿಯುವವರ ಹೊಟ್ಟೆಯ ಮೇಲೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಗುರುತಾದರೂ ಇದೆ. ಕಾಗದದ ಕಾರ್ಡಿಗೆ ಅಂಥ ಕಾವಲು ಕಾಣುವುದಿಲ್ಲ. ಅಲ್ಲಿ ಆ ಪದವನ್ನು ಯಾರು ಬೇಕಾದರೂ ಅಂಟಿಸಬಹುದು. ಹಾಗಾಗಿ ನಿಜವಾಗಿಯೂ ಕೈಯಿಂದ ಕತ್ತರಿಸುವವರ ಕಾರ್ಡು, ಒತ್ತಿದ ಗುಂಡಿಗೆ ನೂರು ಬೀಳುವ ಕಾರ್ಡಿನ ಪಕ್ಕದಲ್ಲಿ, ಅದೇ ಹೆಸರು ಹೊತ್ತು ನಿಲ್ಲಬೇಕು. ಬೆಲೆಯಲ್ಲಿ ಯಾರು ಸೋಲುತ್ತಾರೆ ಎಂದು ಹೇಳಬೇಕಿಲ್ಲ.

ಹಿಮ ಎಲ್ಲಿ ಬಿತ್ತು?

ಈಗ ಚಿತ್ರದ ಮಾತು. ನಮ್ಮ ದೊಡ್ಡ ತಕರಾರು ಇರುವುದು ಇಲ್ಲೇ. ಮಷಿನ್ ಕೊಂಡವರು ಸಾಮಾನ್ಯವಾಗಿ ಮಾಡುವುದು ಕಂಪನಿಯ ಭಂಡಾರದಿಂದ ಸಿದ್ಧ ಚಿತ್ರ ಇಳಿಸಿಕೊಳ್ಳುವುದು. ಅಲ್ಲಿ ಸಿಗುವುದೇನು? ಹಿಮದ ಹರಳು, ಹಿಮಸಾರಂಗ, ಚಿಮಣಿ, ಪೈನ್ ಮರ. ದಾಂಡೇಲಿಯಲ್ಲಿ ಡಿಸೆಂಬರಿನಲ್ಲಿ ಸ್ವೆಟರ್ ಹಾಕುತ್ತೇವೆ ನಿಜ, ಆದರೆ ಹಿಮ ಬಿದ್ದದ್ದನ್ನು ನಮ್ಮಜ್ಜಿಯೂ ಕಂಡಿಲ್ಲ. ಇಲ್ಲಿನ ಕ್ರಿಸ್‌ಮಸ್ಸಿನಲ್ಲಿ ಗೋದಲಿ ಕಟ್ಟುವುದು ಆಗಷ್ಟೇ ಕೊಯ್ದ ಗದ್ದೆಯ ಹುಲ್ಲಿನಿಂದ. ಮನೆಯ ಮುಂದೆ ನಕ್ಷತ್ರ ತೂಗುವುದು ಬಿದಿರಿನ ಕೋಲಿಗೆ. ಆಕಾಶದಲ್ಲಿ ಹಾರುವುದು ಮಂಗಟ್ಟೆ. ಇವು ಕಾರ್ಡಿನಲ್ಲಿ ಏಕಿಲ್ಲ?

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಹಿಡಿತದ ಪ್ರಶ್ನೆ. ಕ್ರಿಕಟ್ ಮಷಿನ್ ಕೆಲಸ ಶುರುಮಾಡಬೇಕಾದರೆ ಇಂಟರ್ನೆಟ್ಟಿನಲ್ಲಿ ಕಂಪನಿಯ ಖಾತೆ ತೆರೆಯಬೇಕು. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. 2021ರ ಮಾರ್ಚಿನಲ್ಲಿ ಅದೇ ಕಂಪನಿ ಒಂದು ಹೊಸ ನಿಯಮ ತರಲು ಹೊರಟಿತು. ತಿಂಗಳ ಚಂದಾ ಕಟ್ಟದವರು ತಮ್ಮ ಸ್ವಂತ ಚಿತ್ರಗಳನ್ನು ತಿಂಗಳಿಗೆ 20ರಷ್ಟು ಮಾತ್ರ ಏರಿಸಬಹುದು ಎಂದು. ಅಂದರೆ ಮಷಿನ್ ನಿಮ್ಮದು, ಚಿತ್ರ ನಿಮ್ಮದು, ಆದರೂ ಕಂಪನಿಗೆ ಕಂದಾಯ. ಜಗತ್ತಿನಾದ್ಯಂತ ಬಳಕೆದಾರರು ಸಿಟ್ಟಿಗೆದ್ದರು, ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. ಆವತ್ತು ಸರಿಯಿತು. ನಾಳೆಯ ಖಾತರಿ ಏನು? ಇಂಥ ಮಷಿನ್ ನಂಬಿ ಸಾಲ ಎತ್ತುವ ಸಂಘಕ್ಕೆ ಇದನ್ನು ಮೊದಲೇ ಹೇಳಬೇಕಾದದ್ದು ತರಬೇತಿ ಕೊಡುವವರ ಧರ್ಮ.

ಹಾಗಂತ ಕೌದಿ ಕದಿಯಬೇಡಿ

'ಸರಿ, ಸ್ಥಳೀಯ ಚಿತ್ರ ಹಾಕೋಣ' ಎಂದು ಹೊರಡುವವರಿಗೂ ಒಂದು ಎಚ್ಚರಿಕೆ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ನೋಡಿ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಹೊಲಿಯಲು ಶುರುಮಾಡಿ, ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗೆ ಮಡಿಕೆ ಮಡಿಕೆಯಾಗಿ 'ಫೂಲ' ಇಡುತ್ತಾರೆ. ಕ್ರೈಸ್ತ ಸಿದ್ದಿಗಳ ಕೆಲವು ಕೌದಿಗಳಲ್ಲಿ ಶಿಲುಬೆಯೂ ಇರುತ್ತದೆ. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವೇ ನಡೆಯಿತು.

ಕ್ರಿಸ್‌ಮಸ್ ಕಾರ್ಡಿಗೆ ಇದಕ್ಕಿಂತ ಚಂದದ ವಿನ್ಯಾಸ ಎಲ್ಲಿ ಸಿಗುತ್ತದೆ? ಅಪಾಯವೂ ಅಲ್ಲೇ ಇದೆ. ಕೌದಿಯ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರೆ ಗೆರೆ ತಾನಾಗಿ ಮೂಡುತ್ತದೆ. ಆಮೇಲೆ ಬೆಂಗಳೂರಿನಲ್ಲಿ ಕೂತವರು ಸಾವಿರ ಕಾರ್ಡು ಕತ್ತರಿಸಬಹುದು, 'ಸಿದ್ದಿ ಕಲೆ' ಎಂದು ಹೆಸರಿಡಬಹುದು. ಹೊಲಿದ ಅಕ್ಕನಿಗೆ ಒಂದು ಪೈಸೆಯೂ ಬರುವುದಿಲ್ಲ, ವಿಷಯ ಗೊತ್ತೂ ಆಗುವುದಿಲ್ಲ. ಹಿಮಸಾರಂಗ ಎರವಲು ತರುವುದು ಪೆದ್ದುತನ. ಕೌದಿಯನ್ನು ಕೇಳದೆ ಎತ್ತುವುದು ಕಳ್ಳತನ. ಆ ವಿನ್ಯಾಸ ಬಳಸುವುದಾದರೆ ಗೆರೆ ಎಳೆಯುವ ಕಂಪ್ಯೂಟರಿನ ಮುಂದೆ ಹೊಲಿದವರೇ ಕೂರಬೇಕು. ಇಲ್ಲವಾದರೆ ಅವರ ಒಪ್ಪಿಗೆ, ಅವರ ಹೆಸರು, ಅವರ ಪಾಲು ಇರಬೇಕು.

ಲೆಕ್ಕ ಮುಂದಿಡಿ

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಮಷಿನ್‌ಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1000 ಕಾರ್ಡಿನಂತೆ ಮೂರು ವರ್ಷ ನಡೆದರೆ ಒಂದು ಕಾರ್ಡಿನ ಮೇಲೆ ಬೀಳುವುದು 10 ರೂಪಾಯಿ. ಕಾಗದ, ಲಕೋಟೆ, ಅಂಟಿಗೆ 15. ಕಾರ್ಡು 80ಕ್ಕೆ ಮಾರಿದರೆ ಉಳಿಯುವುದು 55. ಇದರಲ್ಲಿ ಸೂಜಿ ಹಿಡಿದು ಚೂರು ಎತ್ತಿದವರಿಗೆ, ಮಡಿಸಿ ಅಂಟಿಸಿದವರಿಗೆ ತುಂಡಿಗಿಷ್ಟು ಎಂದು 5 ರೂಪಾಯಿ ಕೊಟ್ಟರೆ ಮಿಕ್ಕ 50 ಯಾರ ಜೇಬಿಗೆ? 'ಕೈಯಿಂದ ಮಾಡಿದ್ದು' ಎಂಬ ಪದದಿಂದ ಬಂದ ದುಡ್ಡು ಆ ಕೈಗೇ ಸೇರದಿದ್ದರೆ ಆ ಪದ ಎರಡು ಸಲ ಸುಳ್ಳು.

ನಮ್ಮ ಬೇಡಿಕೆಗಳು ದೊಡ್ಡವಲ್ಲ.

ಮಾರುವವರಿಗೆ: ಕಾರ್ಡಿನ ಹಿಂದೆ ಮೂರು ಸಾಲು ಬರೆಯಿರಿ. 'ಚಿತ್ರ: ಇಂಥವರು, ಇಂಥ ಊರು. ಕತ್ತರಿಸಿದ್ದು: ಮಷಿನ್. ಮಡಿಸಿ ಅಂಟಿಸಿದ್ದು: ಇಂಥವರು.' ಹಾಗೆ ಬರೆದರೆ ಯಾರೂ ಕೊಳ್ಳುವುದಿಲ್ಲ ಎನ್ನಬೇಡಿ. ಹೆಸರು, ಊರು ಇರುವ ಕಾರ್ಡನ್ನು ಜನ ಎತ್ತಿಟ್ಟುಕೊಳ್ಳುತ್ತಾರೆ.

ತರಬೇತಿ ಕೊಡುವವರಿಗೆ: ಹಳಿಯಾಳದಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ, ಎಲ್ಲ ತಾಲ್ಲೂಕಿನಲ್ಲೂ ಸಂಘಗಳಿವೆ. ಈ ಮಷಿನ್ ಕಲಿಸುವುದಾದರೆ ಗುಂಡಿ ಒತ್ತುವುದನ್ನಲ್ಲ, ಚಿತ್ರ ಬರೆಯುವುದನ್ನು ಮೊದಲು ಕಲಿಸಿ. ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ, ಅದರಲ್ಲಿ ಬರೆದ ಚಿತ್ರ ಬರೆದವರದ್ದೇ.

ಕೊಳ್ಳುವವರಿಗೆ: ಕೇಳಿ. ಹತ್ತು ಕಾರ್ಡು ಒಟ್ಟಿಗೆ ಹಿಡಿದು ನೋಡಿ, ನಕ್ಷತ್ರದ ಮೊನೆ ಹತ್ತರಲ್ಲೂ ಕೂದಲೆಳೆ ತಪ್ಪದೆ ಒಂದೇ ಇದ್ದರೆ ಅದು ಮಷಿನ್ ಕತ್ತರಿಸಿದ್ದು. ಅದನ್ನು ಬೇಡ ಎನ್ನಬೇಡಿ, 'ಚಿತ್ರ ಯಾರು ಬರೆದದ್ದು' ಎಂದು ಕೇಳಿ. ಉತ್ತರ ಬಾರದಿದ್ದರೆ ಹೆಚ್ಚಿನ ದುಡ್ಡು ಕೊಡಬೇಡಿ. ದಾರಿ ತಪ್ಪಿಸುವ ಜಾಹೀರಾತಿನ ಮೇಲೆ ದೂರು ಕೊಡಲು 2019ರ ಗ್ರಾಹಕ ರಕ್ಷಣಾ ಕಾಯ್ದೆ ದಾರಿ ಮಾಡಿಕೊಟ್ಟಿದೆ, ಅದೂ ನೆನಪಿರಲಿ.

ಬಿದಿರು ಹೋದಾಗ ಮೇದಾರರನ್ನು ಯಾರೂ ಕೇಳಲಿಲ್ಲ. ಧ್ವಜದ ನಿಯಮ ಬದಲಾದಾಗ ಬೆಂಗೇರಿಯ ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ಕಾರ್ಡು ಸಣ್ಣ ವಸ್ತು, ಅಂಗೈಯಗಲದ್ದು. ಅಷ್ಟು ಸಣ್ಣದರಲ್ಲೂ ಕೇಳದೆ ಹೋದರೆ ದೊಡ್ಡದರಲ್ಲಿ ಕೇಳುವುದು ಯಾವಾಗ?