ಶಾಲೆ ಕಟ್ಟುವ ದಾನ: ನಾಲ್ಕನೆಯ ವರ್ಷದ ಖರ್ಚು ಯಾರದು?

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ನನ್ನ ಕಚೇರಿಗೆ ಬರುವ ವರ್ತಕ ಬಾಂಧವರಲ್ಲಿ ಹಲವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: "ಹಳ್ಳಿಯಲ್ಲಿ ಶಾಲೆ ಕಟ್ಟುವ ಒಂದು ಟ್ರಸ್ಟಿಗೆ ಏನಾದರೂ ಕೊಡಬೇಕೆಂದಿದ್ದೇವೆ, ಸಾಹೇಬರೇ, ತೆರಿಗೆ ವಿನಾಯಿತಿ ಸಿಗುತ್ತದೆಯೇ?" ಪ್ರಶ್ನೆ ಸಹಜವಾದುದೇ. ಆದರೆ ಆ ಟ್ರಸ್ಟಿನ ಅಢಾವೆ ಪತ್ರಿಕೆಯನ್ನು ನೋಡಿದ್ದೀರಾ ಎಂದು ನಾನು ಮರುಪ್ರಶ್ನೆ ಹಾಕಿದರೆ ಬಹುತೇಕರು ನಕ್ಕು ಸುಮ್ಮನಾಗುತ್ತಾರೆ. ಹತ್ತು ಸಾವಿರ ರೂಪಾಯಿ ಉದ್ರಿ ಕೊಡುವ ಮೊದಲು ಗಿರಾಕಿಯ ಪೂರ್ವಾಪರವನ್ನೆಲ್ಲ ವಿಚಾರಿಸುವ ನಾವು, ಹತ್ತು ಲಕ್ಷ ದಾನ ಕೊಡುವಾಗ ಏನನ್ನೂ ವಿಚಾರಿಸುವುದಿಲ್ಲ.

ಹಲವು ವರ್ಷಗಳ ಹಿಂದಿನ ಮಾತು. ಬೇಳೆ ಮಿಲ್ಲಿನ ಮಾಲೀಕರಾದ ನನ್ನ ಕಕ್ಷಿದಾರರೊಬ್ಬರು, ಹಿಂದುಳಿದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ಕೊಠಡಿ ಹಾಗೂ ಶೌಚಾಲಯ ಕಟ್ಟಿಸಲು ಟ್ರಸ್ಟೊಂದಕ್ಕೆ ಹಣ ಕೊಟ್ಟಿದ್ದರು. ಆ ಟ್ರಸ್ಟಿನ ಲೆಕ್ಕಪರಿಶೋಧನೆಯೂ ನನ್ನದೇ ಆಗಿತ್ತು. ಕಟ್ಟಡವಾದ ನಾಲ್ಕನೆಯ ವರ್ಷ ಆ ಊರಿಗೆ ಹೋಗುವ ಸಂದರ್ಭ ಒದಗಿತು. ದಾನಿಗಳ ಹೆಸರಿನ ಗ್ರಾನೈಟ್ ಫಲಕ ಫಳಫಳ ಹೊಳೆಯುತ್ತಿತ್ತು. ಶೌಚಾಲಯಕ್ಕೆ ಬೀಗ ಬಿದ್ದಿತ್ತು. ಕೊಳವೆಬಾವಿಯ ಮೋಟಾರು ಸುಟ್ಟು ಎಂಟು ತಿಂಗಳಾಗಿತ್ತು. ವೈಂಡಿಂಗ್ ಮಾಡಿಸಲು ಏಳೆಂಟು ಸಾವಿರ ರೂಪಾಯಿ ಬೇಕಿತ್ತು. ಟ್ರಸ್ಟಿನಲ್ಲಿ ಅದಕ್ಕೆ ಬಾಬ್ತು ಇರಲಿಲ್ಲ. ಏಳನೆಯ ತರಗತಿಯ ಹೆಣ್ಣುಮಕ್ಕಳು ಮಧ್ಯಾಹ್ನದ ಊಟವಾದೊಡನೆ ಮನೆಗೆ ಹೋಗುತ್ತಿದ್ದರು, ಕೆಲವರು ಮರಳಿ ಬರುತ್ತಿರಲಿಲ್ಲ. ನಾಲ್ಕೂ ವರ್ಷದ ಲೆಕ್ಕಪತ್ರಗಳಿಗೆ ನಾನು ಯಾವ ಆಕ್ಷೇಪಣೆಯೂ ಇಲ್ಲದೆ ಸಹಿ ಹಾಕಿದ್ದೆ. ಅವುಗಳಲ್ಲಿ ತಪ್ಪೇನೂ ಇರಲಿಲ್ಲ. ಕಟ್ಟಡದ ಮೇಲಿನ ಸವಕಳಿಯನ್ನು ಕೂಡ ಸರಿಯಾಗಿಯೇ ತೆಗೆಯಲಾಗಿತ್ತು!

ನಮ್ಮ ದಾನದ ದೋಷ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಬಂಡವಾಳ ವೆಚ್ಚಕ್ಕೆ ದಾನಿಗಳು ಸಾಲುಗಟ್ಟಿ ನಿಲ್ಲುತ್ತಾರೆ, ರಾಜಸ್ವ ವೆಚ್ಚಕ್ಕೆ ಯಾರೂ ಇಲ್ಲ. ಫಲಕವನ್ನು ಗೋಡೆಗೆ ಹಾಕಬಹುದು, ಮೋಟಾರಿನ ವೈಂಡಿಂಗಿಗೆ ಹಾಕಲಾಗದು.

ಹರೇಕಳ ಹಾಜಬ್ಬನವರ ಉದಾಹರಣೆ ಎಲ್ಲರಿಗೂ ಗೊತ್ತು. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಅವರು ತಮ್ಮೂರಾದ ನ್ಯೂಪಡ್ಪುವಿಗೆ 2000ದ ಹೊತ್ತಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಪತ್ರಿಕೆಗಳು ಅವರ ತ್ಯಾಗವನ್ನು ಕೊಂಡಾಡಿದವು, ಅದು ಯುಕ್ತವೇ. ಆದರೆ ಲೆಕ್ಕಿಗನ ಕಣ್ಣಿಗೆ ಬೀಳುವ ಸಂಗತಿ ಬೇರೆ. ಅವರು ಪಟ್ಟು ಹಿಡಿದು ಮಂಜೂರು ಮಾಡಿಸಿಕೊಂಡದ್ದು ಸರ್ಕಾರಿ ಶಾಲೆಯನ್ನು. ಜಾಗ, ಕಟ್ಟಡಗಳಿಗಾಗಿ ತಮ್ಮ ಉಳಿತಾಯವನ್ನೂ ದಾನಿಗಳ ಹಣವನ್ನೂ ತಂದರು. ಶಿಕ್ಷಕರ ಸಂಬಳದ ಹೊಣೆ ಸರ್ಕಾರದ್ದಾಯಿತು. ಶಾಲೆಯ ಅತಿ ದೊಡ್ಡ ಖರ್ಚು ಸಂಬಳವೇ. ಅದನ್ನು ಯಾರು ಹೊರಬೇಕೆಂಬುದು ಮೊದಲ ದಿನವೇ ತೀರ್ಮಾನವಾಗಿದ್ದ ಕಾರಣ, ಬಂದ ದಾನವೆಲ್ಲ ಶಾಲೆಯ ಬೆಳವಣಿಗೆಗೆ ಸಂದಿತು.

ಸರ್ಕಾರಿ ಶಾಲೆಗೆ ಸರ್ಕಾರವೇ ಅನುದಾನ ಕೊಡುತ್ತದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಕೊಡುತ್ತದೆ, ನಿಜ. ಆದರೆ ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆಯನ್ನು ಅನುಸರಿಸಿ ಬರುವುದರಿಂದ, ಸಣ್ಣ ಊರಿನ ಸಣ್ಣ ಶಾಲೆಗೆ ದೊರೆಯುವುದು ಸಣ್ಣ ಮೊತ್ತ. ಮೋಟಾರು ಮಾತ್ರ ಮಕ್ಕಳ ಸಂಖ್ಯೆ ನೋಡಿ ಕೆಡುವುದಿಲ್ಲ.

ನನ್ನ ಸಲಹೆ ಇಷ್ಟು. ಕಟ್ಟಡಕ್ಕೆ ಹತ್ತು ಲಕ್ಷ ಕೊಡುವವರು ಎಂಟು ಲಕ್ಷವನ್ನು ಕಟ್ಟಡಕ್ಕೂ ಎರಡು ಲಕ್ಷವನ್ನು ನಿರ್ವಹಣೆಯ ದತ್ತಿನಿಧಿಗೂ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದು ಕೊಡಲಿ. ಶೇ. 6.5ರ ಬಡ್ಡಿ ಹಿಡಿದರೂ ವರ್ಷಕ್ಕೆ 13,000 ರೂಪಾಯಿ. ಇದರಲ್ಲಿ ಸ್ವಚ್ಛತೆಯವರ ಪೂರ್ಣ ಸಂಬಳ ಆಗುವುದಿಲ್ಲ, ಆದರೆ ಮೋಟಾರು, ನಲ್ಲಿ, ಬಾಗಿಲಿನ ಚಿಲಕ ಇವೆಲ್ಲ ನಡೆಯುತ್ತವೆ. ಖರ್ಚಿನ ನಿರ್ಧಾರದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಪಾತ್ರವಿರಲಿ. 2001ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿರುವ ಈ ಸಮಿತಿಯಲ್ಲಿ ಮಕ್ಕಳ ತಂದೆತಾಯಂದಿರೇ ಇರುತ್ತಾರೆ. ನೀರು ನಿಂತರೆ ಅವರಿಗೆ ಅಂದೇ ತಿಳಿಯುತ್ತದೆ, ನನಗೆ ನಾಲ್ಕು ವರ್ಷ ಬೇಕಾಯಿತು.

ತೆರಿಗೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 2017-18ರಿಂದ 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲವಾಯಿತು. 2021-22ರಿಂದ ದಾನ ಪಡೆದ ಸಂಸ್ಥೆಯೇ ಇಲಾಖೆಗೆ ವಿವರಣಾಪತ್ರ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡಬೇಕಾಯಿತು. ಬರಿಯ ರಸೀದಿ ಸಾಲದು. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗಂತೂ ಈ ವಿನಾಯಿತಿಯೇ ಇಲ್ಲ, ಆದ್ದರಿಂದ ಅವರ ದಾನ ಶುದ್ಧ ದಾನವೇ ಸರಿ. ಇನ್ನು 2013ರ ಕಂಪನಿ ಕಾಯಿದೆಯ ಶೇ. 2ರ ಕಡ್ಡಾಯ ವೆಚ್ಚ, 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭದ ಕಂಪನಿಗಳಿಗೆ. ನಮ್ಮ ಸದಸ್ಯರಲ್ಲಿ ಅಂಥವರು ಬೆರಳೆಣಿಕೆಯಷ್ಟು. ಉಳಿದವರು ಕೊಡುವುದು ತಾವಾಗಿಯೇ, ಹೀಗಾಗಿ ಷರತ್ತು ಹಾಕುವ ಹಕ್ಕೂ ಅವರಿಗೆ ಹೆಚ್ಚು.

ಬೇಳೆ ಮಿಲ್ಲಿನ ಮಾಲೀಕರಿಗೆ ನಾನು ಊರಿನಿಂದ ಬಂದ ದಿನವೇ ಎಲ್ಲವನ್ನೂ ಹೇಳಿದೆ. ಮೊದಲು ಸಿಟ್ಟಾದರು, ಬಳಿಕ ಮೋಟಾರಿಗೆ ಹಣ ಕಳಿಸಿದರು. ಆಮೇಲೆ ಹೊಸ ಕೊಠಡಿ ಕಟ್ಟಿಸಲಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ಆ ಶಾಲೆಯ ನಿರ್ವಹಣೆಗೆಂದು ಹದಿನೈದು ಸಾವಿರ ರೂಪಾಯಿಯ ಚೆಕ್ಕು ಹೋಗುತ್ತದೆ. ಅದಕ್ಕೆ ಫಲಕವಿಲ್ಲ.